ಕೆಂಪು ಚೀಟಿಯ ಚಿಟ್ಟೆ

ಸೂಜಿಗೆ ಚುಚ್ಚಿದ ಕಂದು ಚಿಟ್ಟೆ, ಅದರಡಿಯಲ್ಲಿ ಉಗುರಗಲದ ಕೆಂಪು ಚೀಟಿ. ಹೊಸ ಪ್ರಭೇದಕ್ಕೆ ಹೆಸರಿಡುವಾಗ ಯಾವ ಒಂದು ಚಿಟ್ಟೆಯನ್ನು ಸಾಕ್ಷಿಯಾಗಿ ಇಡುತ್ತಾರೋ ಅದಕ್ಕೆ ಮಾತ್ರ ಆ ಚೀಟಿ. ನಮ್ಮೂರಿನ ಸಂಗ್ರಹಾಲಯದಲ್ಲಿ ಮೂವತ್ತು ವರ್ಷ ಚಿಟ್ಟೆಗಳನ್ನು ಕಾಪಾಡಿದ ಸೇತುರಾಯರಿಗೆ ಅಂಥದೊಂದನ್ನು ಬರೆಯುವ ಯೋಗ ಬಂದದ್ದು ನಿವೃತ್ತಿಯ ವರ್ಷ. ನಾನು ಅವರ ಸಹಾಯಕ. ಅವರ ಕೈಯಲ್ಲೇ ಪಳಗಿದವನು, ಅವರ ಕುರ್ಚಿಯ ಮೇಲೆ ಕಣ್ಣಿಟ್ಟವನೂ ನಾನೇ. ಈಗ ಮುಚ್ಚಿಟ್ಟು ಏನು ಸುಖ?

ಆ ಚಿಟ್ಟೆಗೆ ಅವರು ಇಂದುಮತಿಯ ಹೆಸರಿಡಲಿದ್ದರು. ಹನ್ನೊಂದನೆಯ ವಯಸ್ಸಿಗೆ ಜ್ವರದಲ್ಲಿ ತೀರಿಹೋದ ಒಬ್ಬಳೇ ಮಗಳು. ಒಂದು ಫೋಟೋ ಕೂಡ ಇರಲಿಲ್ಲವಂತೆ. "ಹೆಸರೊಂದಾದ್ರೂ ಉಳೀಲಪ್ಪ," ಎಂದಿದ್ದರು.

ಅವರ ಪ್ರಬಂಧ ಅಚ್ಚಿಗೆ ಹೋಗುವ ಒಂದು ತಿಂಗಳ ಮೊದಲೇ ನನಗೆ ನಿಜ ತಿಳಿದಿತ್ತು. ಕಾಡಂಚಿನಲ್ಲಿ ಹಿಡಿದ ಅಂಥದೇ ಕಂದು ಚಿಟ್ಟೆಯೊಂದು ನನ್ನ ಮನೆಯ ಪೆಟ್ಟಿಗೆಯಲ್ಲಿ ಮೊಟ್ಟೆಯಿಟ್ಟಿತು. ಮರಿಗಳು ಬೆಳೆದು ಚಿಟ್ಟೆಯಾದಾಗ ಹೆಣ್ಣೆಲ್ಲ ಕಂದು, ಗಂಡೆಲ್ಲ ಹಳದಿ. ಆ ಹಳದಿ ಚಿಟ್ಟೆ ಎಲ್ಲರಿಗೂ ಗೊತ್ತಿದ್ದ ಹಳೆಯ ಪ್ರಭೇದ. ಅದುವರೆಗೆ ಯಾರೂ ಗುರುತಿಸಿರದ ಅದರ ಹೆಣ್ಣನ್ನೇ ರಾಯರು ಹೊಸದೆಂದು ನಂಬಿದ್ದರು.

ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಮೇಲಾಗಿ ಕೆಂಪು ಚೀಟಿಗೆ ಕಾಗದ ಕತ್ತರಿಸಿಕೊಟ್ಟೆ. ಅವರ ಪ್ರಬಂಧ ಬಂದ ಆರು ವಾರಕ್ಕೆ, ಇಂದುಮತಿ ಎಂಬ ಪ್ರಭೇದವೇ ಇಲ್ಲವೆಂದು ಸಾಧಿಸುವ ನನ್ನ ಪ್ರಬಂಧ ಬಂತು. ಊರೆಲ್ಲ ಭೇಷ್ ಎಂದಿತು, ಕುರ್ಚಿ ನನ್ನದೆಂದು ಗೊತ್ತಾಯಿತು.

ಹೊರಡುವ ವಾರ ರಾಯರ ಬಲೆಗೆ ನಿಜವಾದ ಹೊಸ ಪ್ರಭೇದ ಬಿತ್ತು. ಅದೇ ಕುಲದ್ದು, ಗಂಡು ಹೆಣ್ಣು ಎರಡೂ ಸಿಕ್ಕಿದ್ದವು, ಸಂಶಯಕ್ಕೆ ಎಡೆಯೇ ಇಲ್ಲ. ಆದರೆ ನಮ್ಮ ಕಸುಬಿನ ಕಟ್ಟಳೆಗೆ ಕರುಳಿಲ್ಲ. ಅಚ್ಚಾದ ಹೆಸರು ತಪ್ಪಾದರೆ ತಪ್ಪೆಂದೇ ಪಟ್ಟಿಯಲ್ಲಿ ಉಳಿಯುತ್ತದೆ, ಅದೇ ಕುಲದ ಇನ್ನೊಂದಕ್ಕೆ ಅದನ್ನು ಮತ್ತೆ ಇಡುವಂತಿಲ್ಲ. ಮೊದಲೇ ನಾನು ಬಾಯಿಬಿಟ್ಟಿದ್ದರೆ ಇಂದುಮತಿಯ ಹೆಸರು ಈ ಚಿಟ್ಟೆಗೆ ದಕ್ಕುತ್ತಿತ್ತು.

ಅಂದು ರಾಯರು ನಾನು ಸಾಕಿದ ಚಿಟ್ಟೆಗಳ ಪೆಟ್ಟಿಗೆ ತೆರೆದು ಕೂತಿದ್ದರು. ಪ್ರತಿಯೊಂದರ ಕೆಳಗೂ ಅದು ಕೋಶ ಒಡೆದು ಬಂದ ತಾರೀಖನ್ನು ಬರೆದಿದ್ದೆ, ಎಲ್ಲವೂ ಅವರ ಪ್ರಬಂಧಕ್ಕಿಂತ ಮೊದಲಿನವು. ಮನಸ್ಸು ಮೋಸ ಮಾಡಿದ್ದರೂ ಕೈ ಸುಳ್ಳು ತಾರೀಖು ಬರೆದಿರಲಿಲ್ಲ, ಅವರು ಹಾಕಿಕೊಟ್ಟ ಅಭ್ಯಾಸ ಅಂಥದು.

"ತಾರೀಖು ಸರಿಯಾಗಿ ಬರ್ದಿದೀಯ," ಎಂದರು. "ನಾನು ಹೇಳ್ಕೊಟ್ಟಿದ್ದು ಮರ್ತಿಲ್ಲ."

ಏನಾದರೂ ಹೇಳಬೇಕಲ್ಲ ಎಂದು, ಹೊಸ ಚಿಟ್ಟೆಗೆ ಯಾವ ಹೆಸರಿಡುತ್ತೀರಿ ಎಂದು ಕೇಳಿದೆ.

"ನಿಂದೇ ಇಡ್ತೀನಪ್ಪ. ಅವಳ ಜಾಗಕ್ಕೆ ಇನ್ಯಾರನ್ನ ತರ್ಲಿ?"

ಬೇಡವೆಂದು ಅಂಗಲಾಚಿದೆ. ಅವರು ಸಿಟ್ಟಾಗಲಿಲ್ಲ, ಇಟ್ಟೇಬಿಟ್ಟರು. ಅಚ್ಚಾದ ಮೇಲೆ ಅಳಿಸುವಂತಿಲ್ಲವಲ್ಲ.

ಅವರು ಹೋಗಿ ಬಹಳ ಕಾಲವಾಯಿತು. ಅವರ ಕುರ್ಚಿಯಲ್ಲಿ ಕೂತು ದಿನವೂ ಆ ಕುಲದ ಚಿಟ್ಟೆಗಳ ಪೆಟ್ಟಿಗೆ ತೆರೆಯುತ್ತೇನೆ. ಅಕ್ಕಪಕ್ಕದಲ್ಲಿ ಎರಡು ಕೆಂಪು ಚೀಟಿ, ಒಂದರಲ್ಲಿ ತಪ್ಪೆನಿಸಿಕೊಂಡ ಇಂದುಮತಿ, ಇನ್ನೊಂದರಲ್ಲಿ ಸರಿಯೆನಿಸಿಕೊಂಡ ನಾನು. ಎರಡೂ ರಾಯರ ದುಂಡು ಅಕ್ಷರ.