ಬೆಂಗಳೂರು ಟೈಮಿನ ಗ್ರಹಣ

1.
ಎಲ್ಲಿಂದ ಶುರು ಮಾಡಲಿ? ಬ್ರಿಟಿಷರ ಕಾಲದ ಒಂದು ಹಳ್ಳಿಯಿಂದ ಮಾಡಿದ್ದೆ. ಕನ್ನಡ ಸಾಲೆಯ ಮಾಸ್ತರರೊಬ್ಬರು ಕಂದೀಲು, ನಿಂಬೆಹಣ್ಣು ಹಿಡಿದು, ಗ್ರಹಣವೆಂದರೆ ರಾಹು ನುಂಗುವುದಲ್ಲ, ಬರೀ ನೆರಳು ಎಂದು ಜನರಿಗೆ ತೋರಿಸುತ್ತಿದ್ದರು. ಎರಡು ಪುಟ ಬರೆದು ಹರಿದೆ. ಧೋತರ, ರುಮಾಲು ಚೆನ್ನಾಗಿದ್ದವು. ಒಳಗೆ ಮಾಸ್ತರರೇ ಇರಲಿಲ್ಲ.

1. (ಮತ್ತೆ)
ಹಾಗಾಗಿ ಕುವೈತ್. ಇಲ್ಲಿನ ಕನ್ನಡ ಬಳಗದ ನಾಟಕದಲ್ಲಿ ಆ ಮಾಸ್ತರರ ಪಾತ್ರ ಮಾಡುವವನು ಸಿದ್ದಲಿಂಗೇಶ, ಬಾಗಲಕೋಟೆ ಕಡೆಯವ, ಶುಐಬಾದ ತೈಲ ಪ್ಲಾಂಟಿನಲ್ಲಿ ಟೆಕ್ನಿಷಿಯನ್. ನಾಟಕ ಬರೆದವನೂ ಅವನೇ. ಅದರಲ್ಲಿ ಹಳ್ಳಿ ಹುಡುಗಿಗೆ ಒಂದೇ ಮಾತು: "ಮಾಸ್ತರ, ಅದು ಯಾರ ನೆರಳು?" ಹುಡುಗಿಯಾಗುವವಳು ಅವನ ಮಗಳು ಶೀತಲ್. ಅವಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳ ಬಾಯಿಂದ ಒಂದೇ ಒಂದು ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಬೇಕೆಂದೇ ಅವನು ಇಡೀ ನಾಟಕ ಬರೆದದ್ದು. (ಇದನ್ನು ಅವನು ಹೆಂಡತಿಗೂ ಹೇಳಿಲ್ಲ. ನನ್ನ ಬಾಯಿ ನಿಲ್ಲಬೇಕಲ್ಲ!)

2.
ಕನ್ನಡ ಬಳಗದ ಅಧ್ಯಕ್ಷರು ರಾಜಗೋಪಾಲ, ಬ್ಯಾಂಕಿನ ದೊಡ್ಡ ಅಧಿಕಾರಿ.

"ಕಾನ್ಸೆಪ್ಟ್ ಸೂಪರ್ ರೀ. ವಿಜ್ಞಾನ ಜನರ ಭಾಷೇಲೇ ಇರಬೇಕು. ಆದ್ರೆ ನಾಟಕ ಇಂಗ್ಲಿಷಲ್ಲಿ ಮಾಡಿ. ಮಕ್ಕಳಿಗೆ ರೀಚ್ ಆಗಬೇಕಲ್ವಾ?"

"ಸರ್, ಮಾಸ್ತರ ಇಂಗ್ಲಿಷ್ ಮಾತಾಡಿದ್ರ ಹಳ್ಳಿ ಮಂದಿಗೆ ಹ್ಯಾಂಗ ತಿಳೀತದ್ರಿ?"

"ಹಳ್ಳಿಯವರು ಯಾರು ಬರ್ತಾರ್ರೀ ಇಲ್ಲಿಗೆ?"

(ಸಿದ್ದಲಿಂಗೇಶ ಸಹಾಯಕ್ಕಾಗಿ ನನ್ನ ಮುಖ ನೋಡಿದ. ನಾನು ಪೆನ್ನಿನ ಮುಚ್ಚಳ ಹಾಕಿದೆ.) ಹೇಗೋ ಕಾಡಿಬೇಡಿ ಮಗಳ ಆ ಒಂದು ಮಾತನ್ನು ಕನ್ನಡದಲ್ಲಿ ಉಳಿಸಿಕೊಂಡ. ಮಿಕ್ಕದ್ದೆಲ್ಲ ತಿಂಗಳುಗಟ್ಟಲೆ ಇಂಗ್ಲಿಷಿನಲ್ಲಿ ರಿಹರ್ಸಲ್ ಆಯಿತು.

ಕಾರ್ಯಕ್ರಮದ ದಿನವೇ ಚಂದ್ರಗ್ರಹಣವೆಂದು ತಿಳಿದದ್ದು ಹಾಲ್ ಬುಕ್ ಆದ ಮೇಲೆ.

"ಗ್ರಹಣದಲ್ಲಿ ಊಟ ಹಾಕೋಕಾಗುತ್ತಾ? ಬೆಂಗಳೂರಿನ ಟಿವಿ ಜ್ಯೋತಿಷಿ ಹತ್ತಕ್ಕೆ ಹಿಡಿಯುತ್ತೆ ಅಂದಿದ್ದಾರೆ. ಎಂಟಕ್ಕೆ ಊಟ, ಆಮೇಲೆ ನಾಟಕ. ಖಲಾಸ್!" ಎಂದರು ರಾಜಗೋಪಾಲ.

ಬೆಂಗಳೂರಿನಲ್ಲಿ ಹತ್ತಾದಾಗ ಇಲ್ಲಿ ಏಳೂವರೆ ಎಂಬುದು ದಿನಾ ಊರಿಗೆ ಫೋನ್ ಮಾಡುವ ಒಬ್ಬರಿಗೂ ಹೊಳೆಯಲಿಲ್ಲ. ಮಾಸ್ತರರಿಗೂ ಹೊಳೆಯಲಿಲ್ಲ.

3.
ಬ್ನೇದ್ ಅಲ್ ಗಾರ್ ಬಡಾವಣೆಯ ಆ ಹಾಲ್‌ನಲ್ಲಿ ಎಂಟಕ್ಕೆ ಹೋಳಿಗೆ ಬಡಿಸಿದರು. ಅಧ್ಯಕ್ಷರು ಎರಡನೆಯದಕ್ಕೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಾಗ ಶೀತಲ್ ಹೊರಗಿನಿಂದ ಓಡಿ ಬಂದಳು.

"ಅಪ್ಪಾ, ಸಮ್‌ಥಿಂಗ್ ಈಸ್ ಈಟಿಂಗ್ ದ ಮೂನ್!"

ಎಲ್ಲರೂ ಎದ್ದು ಹೊರಗೆ ಬಂದರು. ಚಂದ್ರ ಅರ್ಧ ಮಾಯವಾಗಿದ್ದ. ರಾಜಗೋಪಾಲರು ಬಾಯೊಳಗಿನ ಹೋಳಿಗೆಯನ್ನು ನುಂಗಲಾರದೆ, ಉಗುಳಲಾರದೆ ನಿಂತರು. ಕಡೆಗೆ ಹೇಗೋ ನುಂಗಿ, "ನಾಟಕ ಕ್ಯಾನ್ಸಲ್! ಗರ್ಭಿಣಿಯರು, ಮಕ್ಕಳು ಎಲ್ಲ ಒಳಗೆ ಬನ್ನಿ!" ಎಂದು ಕೂಗಿದರು. ಪಾರ್ಕಿಂಗಿನಲ್ಲಿ ಉಳಿದದ್ದು ರುಮಾಲು ಸುತ್ತಿದ ಮಾಸ್ತರ ಮತ್ತು ಅವನ ಮಗಳು.

4.
ಮುಕ್ತಾಯ ಒಂದು: ಶೀತಲ್ ಅಚ್ಚಗನ್ನಡದಲ್ಲಿ ಪುಟ್ಟ ಭಾಷಣ ಮಾಡುತ್ತಾಳೆ. ("ಅಂಕಲ್, ದಟ್ಸ್ ಸೋ ಫೇಕ್," ಎಂದಳು ನನಗೆ. ಹೊಡೆದುಹಾಕಿದೆ.)

ಮುಕ್ತಾಯ ಎರಡು: ರಾಜಗೋಪಾಲರಿಗೆ ಜ್ಞಾನೋದಯವಾಗುತ್ತದೆ. (ಅವರು ಒಳಗೆ ಬಾಯಿ ಮುಕ್ಕಳಿಸುತ್ತಿದ್ದಾರೆ. ಇಷ್ಟು ಬೇಗ ಆಗಲಿಕ್ಕಿಲ್ಲ.)

ಆದದ್ದು ಇಷ್ಟು:

"ಏನೂ ತಿನ್ನಾಕತ್ತಿಲ್ಲವ್ವಾ, ಅದು ನೆರಳು," ಎಂದ ಸಿದ್ದಲಿಂಗೇಶ.

ಶೀತಲ್ ಮೇಲೆ ನೋಡಿದಳು. ನಾಟಕದ ಆ ಮಾತು ಅವಳಿಗೆ ಎಂದೋ ಬಾಯಿಪಾಠವಾಗಿತ್ತು. ಅದು ಪ್ರಶ್ನೆಯೆಂದು ಈಗ ಗೊತ್ತಾದಂತಿತ್ತು.

"ಅಪ್ಪಾ, ಯಾರ ನೆರಳು?"

ಸಿದ್ದಲಿಂಗೇಶ ರುಮಾಲು ಸರಿಮಾಡಿಕೊಂಡ. ಸಂತೋಷದಲ್ಲಿ, ಗಡಿಬಿಡಿಯಲ್ಲಿ, ರಿಹರ್ಸಲ್ಲಿನ ಉತ್ತರವೇ ಬಾಯಿಗೆ ಬಂತು:

"ಇಟ್ ಈಸ್ ದಿ ಅರ್ಥ್ಸ್ ಶ್ಯಾಡೋ, ಮೈ ಚೈಲ್ಡ್."

"ಓಕೆ," ಎಂದಳು ಶೀತಲ್.

ಇರು ಮಾರಾಯ, ಹೊಡೆದುಹಾಕುತ್ತೇನೆ ಎಂದು ನಾನು ಪೆನ್ನು ಎತ್ತಿದೆ. ಅವನು ನನ್ನ ಕೈ ಹಿಡಿದ.

"ಬ್ಯಾಡ್ರಿ. ಗ್ರಹಣ ಇನ್ನೂ ಬಿಟ್ಟಿಲ್ಲ. ಆಕಿ ಮತ್ತೊಮ್ಮೆ ಕೇಳ್ತಾಳೇನೋ, ತಡೀರಿ."