ಚರ್ಚಿನ ಹಾವಿಗೆ ಬಂದ ಕೆಂಪು

ಮೆಲ್ಬರ್ನ್ ಅಂಚಿನ ಟ್ರುಗನಿನಾದಲ್ಲಿರುವ ನಮ್ಮ ಮನೆಯಿಂದ ಪಶ್ಚಿಮಕ್ಕೆ ಹೋದರೆ, ಗೋಧಿ ಹೊಲಗಳ ನಡುವೆ ಪುಟ್ಟದೊಂದು ಚರ್ಚ್ ಇದೆ. ವಲಸೆ ಬಂದ ರೈತರು ಯುರೋಪಿನ ತಮ್ಮೂರಿನ ಹಳೆಯ ರೋಮನೆಸ್ಕ್ ಚರ್ಚನ್ನು ನೆನಪಿಸಿಕೊಂಡು ಕಟ್ಟಿದ್ದು. ದಪ್ಪ ಗೋಡೆ, ದುಂಡನೆಯ ಕಮಾನು, ಬಾಗಿಲ ಪಕ್ಕದಲ್ಲಿ ಕೈಗೆಟಕುವಷ್ಟು ಗಿಡ್ಡ ಕಂಬ. ಕಂಬದ ತಲೆಯ ಮೇಲೆ ಹೆಣೆದುಕೊಂಡ ಎರಡು ಹಾವುಗಳು. ಕೆತ್ತಿದವರ ಲೆಕ್ಕದಲ್ಲಿ ಅವು ಪಾಪದ ಗುರುತು. ಹಳೆಯ ಕಲ್ಲುಕಟ್ಟಡಗಳನ್ನು ಕಾಪಾಡುವುದು ನನ್ನ ಕೆಲಸ. ನಾನೊಬ್ಬಳೇ ಹೊತ್ತ ಮೊದಲ ಜವಾಬ್ದಾರಿ ಈ ಚರ್ಚ್.

ಕಳೆದ ತಿಂಗಳು ಆ ಕಂಬಕ್ಕೆ ಹೊಸದಾಗಿ ಸುಣ್ಣ ಬಳಿಸಿದೆವು. ಮರುವಾರ ನೋಡಿದರೆ ಹಾವಿನ ಹೆಡೆಗಳ ಮೇಲೆ ಕೆಂಪು. ಸುಣ್ಣದ ಅಡಿಯ ಹಳೆಯ ಬಣ್ಣವೇ ಮೇಲೆದ್ದಿದೆ ಎಂದು ಕುಣಿದಾಡಿಬಿಟ್ಟೆ. ಯುರೋಪಿನ ಅಂಥ ಕೆತ್ತನೆಗಳಿಗೆ ಬಣ್ಣ ಬಳಿಯುತ್ತಿದ್ದರು. ಇಲ್ಲಿಯೂ ಬಳಿದಿದ್ದರು ಎಂದರೆ ದೊಡ್ಡ ಸುದ್ದಿ. ಪರೀಕ್ಷೆ ಮಾಡಿಸುವಷ್ಟು ತಾಳ್ಮೆ ನನಗೆಲ್ಲಿ? ಸಿಡ್ನಿಯ ಸಭೆಯಲ್ಲಿ ತಜ್ಞರೆದುರು ಹೇಳುತ್ತೇನೆಂದು ಒಪ್ಪಿಕೊಂಡೆ. ತಪ್ಪಾದರೆ ನನ್ನ ಕೈಗೆ ಇನ್ಯಾರೂ ಒಂದು ಇಟ್ಟಿಗೆಯನ್ನೂ ಕೊಡುತ್ತಿರಲಿಲ್ಲ.

ಸಭೆಯ ದಿನ ಬೆಳಿಗ್ಗೆ ಸಿಡ್ನಿಯ ಗಿರಾವೀನ್‌ನಲ್ಲಿರುವ ಅತ್ತೆ ಗುಣವತಿಯ ಮನೆಯಿಂದ ಹೊರಟಿದ್ದೆ.

"ನಿಲ್ಲು ವಿಜೇತಾ. ಅಷ್ಟು ಜನರ ಎದುರು ಮಾತಾಡ್ಲಿಕ್ಕೆ ಉಂಟು, ದೃಷ್ಟಿ ತೆಗೀತೇನೆ," ಎಂದರು ಅತ್ತೆ. ತಟ್ಟೆಯ ನೀರಿಗೆ ಅರಿಶಿನ ಹಾಕಿದರು. ಚಿಟಿಕೆ ಸುಣ್ಣ ಬಿದ್ದದ್ದೇ ತಡ, ನೀರು ಕೆಂಪಾಯಿತು.

ತಟ್ಟೆಯ ಮೇಲೆ ಬಗ್ಗಿ ನೋಡಿದೆ. ಅದೇ ಕೆಂಪು. ಚಿಕ್ಕಂದಿನಿಂದ ಕಂಡದ್ದು, ಕಲ್ಲಿನ ಮೇಲೆ ಕಂಡಾಗ ಗುರುತು ಸಿಗಲಿಲ್ಲ. ಸುಣ್ಣ ಬಳಿಸಿದ ಎರಡೇ ದಿನಕ್ಕೆ ಅತ್ತೆ ಮೆಲ್ಬರ್ನ್‌ಗೆ ಬಂದಿದ್ದಾಗ ಚರ್ಚ್ ತೋರಿಸಲು ಕರೆದೊಯ್ದವಳೂ ನಾನೇ.

"ಅತ್ತೆ, ಆ ಚರ್ಚಲ್ಲಿ ಹಾವಿಗೆ ಏನಾದ್ರೂ ಹಚ್ಚಿದ್ರಾ?"

"ನಾಗ ಅಲ್ವಾ ಮಾರಾಯ್ತಿ. ಬ್ಯಾಗಲ್ಲಿ ಅರಿಶಿನ ಇತ್ತು. ನೀರಲ್ಲಿ ಕಲಸಿ ಚೂರು ಹಚ್ಚಿ ಕೈಮುಗಿದೆ. ನೀನು ಫೋನಲ್ಲಿದ್ದೆ."

ಸಿಟ್ಟು ನೆತ್ತಿಗೇರಬೇಕಿತ್ತು. ಅದರ ಬದಲು ಕುರ್ಚಿಯಲ್ಲಿ ಕುಸಿದು ನಗತೊಡಗಿದೆ. ಎರಡು ಗಂಟೆ ತಡವಾಗಿ ತಿಳಿದಿದ್ದರೆ ನನ್ನ ಕಥೆ ಮುಗಿದಿತ್ತು.

ಸಭೆಯಲ್ಲಿ ಚರ್ಚಿನ ಚರಿತ್ರೆ ಹೇಳಿದೆ. ಕೊನೆಗೆ ಕೆಂಪು ಹೆಡೆಗಳ ಫೋಟೋ ತೋರಿಸಿ, ಇದು ನನ್ನ ಅತ್ತೆಯ ಪೂಜೆ, ನಾನು ಮೋಸಹೋಗಿದ್ದೆ, ಅರಿಶಿನ ಬಿಸಿಲಿಗೆ ಮಾಸುತ್ತದೆ ಎಂದೆ. ಸಭೆ ನಕ್ಕಿತು. ಮುಂದಿನ ಚರ್ಚಿನ ಕೆಲಸವನ್ನೂ ನನಗೇ ಒಪ್ಪಿಸಿದರು.

ಸಂಜೆ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. "ಬೈದ್ರಾ?"

"ಇಲ್ಲ. ಆ ಹಾವಿಗೆ ಕೈಮುಗಿದವರು ನೀವೇ ಮೊದಲು ಅಂದ್ರು."

"ಪಾಪ," ಎಂದರು ಹಾವುಗಳ ಬಗ್ಗೆ. ಆಮೇಲೆ, "ನೋಡು, ದೃಷ್ಟಿ ತೆಗೆದದ್ದು ಒಳ್ಳೆದಾಯ್ತಲ್ಲ?"

"ಹೌದತ್ತೆ, ಆ ತಟ್ಟೆಯ ನೀರೇ ನನ್ನನ್ನು ಉಳಿಸಿದ್ದು," ಎಂದೆ.