ನಾಲ್ಕನೆಯ ದನಿ

ನಮ್ಮ ಮನೆಯ ಕಂಪ್ಯೂಟರಿಗೆ ಗುಂಡಿ ಇರಲಿಲ್ಲ. ಇರಲಿಲ್ಲ ಎಂದರೆ, ಕ್ಯಾಬಿನೆಟ್ಟಿನ ಮುಂಭಾಗದಲ್ಲಿ ಒಂದು ಇತ್ತು. ಆದರೆ ಅದರ ಹಿಂದಿನ ಎರಡು ತೆಳು ವೈರುಗಳನ್ನು ಯಾರೂ ಯಾವುದಕ್ಕೂ ಸೇರಿಸಿರಲಿಲ್ಲ. ಅಣ್ಣ ಸ್ಕ್ರೂಡ್ರೈವರನ್ನು ಒಳಗೆ ತೂರಿಸಿ, ಬೋರ್ಡಿನ ಮೂಲೆಯಲ್ಲಿರುವ ಎರಡು ಪಿನ್ನುಗಳಿಗೆ ಅದರ ತುದಿಯನ್ನು ಒಟ್ಟಿಗೆ ಮುಟ್ಟಿಸುತ್ತಿದ್ದ. ಫ್ಯಾನು ತಿರುಗುತ್ತಿತ್ತು. ನಾಲ್ಕು ತಿಂಗಳಿಂದ ಹೀಗೇ. ಕೇಳಿದರೆ "ಟೆಂಪರವರಿ ಕಣೆ" ಎನ್ನುತ್ತಿದ್ದ. ನಮ್ಮ ಮನೆಯಲ್ಲಿ ಟೆಂಪರವರಿಯಷ್ಟು ಕಾಯಂ ಆದದ್ದು ಇನ್ನೊಂದಿಲ್ಲ.

ವೈರು ಸೇರಿಸದೆ ಬಿಟ್ಟದ್ದು ಸೋಮಾರಿತನದಿಂದಲ್ಲ, ಸಿದ್ಧಾಂತದಿಂದ. ಅಣ್ಣನ ಇಬ್ಬರು ಗೆಳೆಯರು ಶನಿವಾರ ಬೆಳಿಗ್ಗೆ ತಪ್ಪದೆ ನಮ್ಮ ಮುಂದಿನ ಕೋಣೆಗೆ ಬರುತ್ತಾರೆ. ಒಬ್ಬ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಫೋನು ತೆಳ್ಳಗಾದಷ್ಟೂ ಮನುಷ್ಯಕುಲ ಮುಂದುವರಿದಂತೆ ಎಂದು ನಂಬಿದವನು. ಅದಕ್ಕೇ ಅವನಿಗೆ ತೆಳ್ಳಪ್ಪ ಎಂದು ಹೆಸರು. ಆಳೇನೋ ಬಾಗಿಲಲ್ಲಿ ಓರೆಯಾಗಿ ಬರುವಷ್ಟಿದ್ದಾನೆ. ಇನ್ನೊಬ್ಬ ಬಸ್ ಡಿಪೋದ ಮೆಕ್ಯಾನಿಕ್. ಹನ್ನೊಂದು ವರ್ಷದಿಂದ ಒಂದೇ ಫೋನು ಇಟ್ಟುಕೊಂಡಿದ್ದಾನೆ, ಹಿಂದಿನ ಮುಚ್ಚಳವನ್ನು ಉಗುರಿನಿಂದಲೇ ತೆಗೆದು ಬ್ಯಾಟರಿ ಬದಲಿಸಬಹುದಾದದ್ದು. ಅದರ ದಪ್ಪದಿಂದ ಅವನಿಗೂ ಇಟ್ಟಿಗೆ ಎಂಬ ಹೆಸರು ಬಂತು. ಅಣ್ಣ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಮೆಷಿನ್ ನಡೆಸುತ್ತಾನೆ. ಇವರಿಬ್ಬರ ನಡುವೆ ಅವನೇ ನ್ಯಾಯಾಧೀಶ. ಒಂದೇ ಒಂದು ತೀರ್ಪು ಹೊರಬಿದ್ದದ್ದನ್ನು ನಾನು ಕಂಡಿಲ್ಲ.

"ಗುಂಡಿ ಅನ್ನೋದೇ ಹಳೇ ಕಾಲದ್ದು ಕಣೋ" ಎಂದು ತೆಳ್ಳಪ್ಪ ಶುರುಮಾಡುತ್ತಾನೆ. "ಫೋನಲ್ಲಿ ಒಂದೊಂದಾಗಿ ಹೋಗ್ತಾ ಇಲ್ವಾ? ಇದಕ್ಕೂ ಒಂದು ಟಚ್ ಹಾಕಿಸು. ಸವರಿದರೆ ಸಾಕು."

"ಸವರೋಕೆ ಅದೇನು ಬೆಕ್ಕಾ?" ಎಂದು ಇಟ್ಟಿಗೆ. "ಡಿಪೋದಿಂದ ಹಳೇ ಹಾರ್ನಿನ ಗುಂಡಿ ತಂದುಕೊಡ್ತೀನಿ. ಒತ್ತಿದ್ರೆ ಒತ್ತಿದ ಹಾಗಿರ್ಬೇಕು."

"ಇಬ್ಬರೂ ಹೇಳೋದ್ರಲ್ಲಿ ಪಾಯಿಂಟ್ ಇದೆ" ಎಂದು ಅಣ್ಣ.

ಅಷ್ಟಕ್ಕೆ ಟೀ ಬರುತ್ತದೆ. ಮದರ್‌ಬೋರ್ಡ್ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಅಮ್ಮ, "ಆ ಮದರ್ ಪುಣ್ಯವಂತೆ, ಮೇಲೊಂದು ಫ್ಯಾನಾದ್ರೂ ಇದೆ" ಎಂದು ಲೋಟ ಕುಕ್ಕಿ ಹೋಗುತ್ತಾಳೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ ಬಣ್ಣದ ದೀಪಗಳನ್ನು ಮೊದಲು ತಂದು, ಆಮೇಲೆ ಅವುಗಳಿಗೆ ಹೊಂದುವ ಕಂಪ್ಯೂಟರ್ ಜೋಡಿಸಿದವರು ಇವರು.

ನನಗೆ ದೀಪವೂ ಬೇಕಿರಲಿಲ್ಲ, ಗುಂಡಿಯೂ ಬೇಕಿರಲಿಲ್ಲ. ನಲವತ್ತೈದು ನಿಮಿಷ ಬೇಕಿತ್ತು.

ಡಿಗ್ರಿ ಮುಗಿದು ಎರಡು ವರ್ಷವಾಗಿತ್ತು. ಮೂರು ಇಂಟರ್‌ವ್ಯೂಗಳಿಗೆ ಹೋಗಿಬಂದಿದ್ದೆ. ಮೂರರಲ್ಲೂ ನಾನು ಆಡಿದ ಮಾತನ್ನೆಲ್ಲ ಸೇರಿಸಿದರೆ ಒಂದು ಪೋಸ್ಟ್‌ಕಾರ್ಡ್ ತುಂಬುವುದಿಲ್ಲ. ಹೇಳಬೇಕಾಗಿದ್ದ ಉತ್ತರಗಳನ್ನು ಮನೆಗೆ ಬಂದು ಡೈರಿಯಲ್ಲಿ ಪುಟಗಟ್ಟಲೆ ಬರೆದೆ. ಡೈರಿಯ ಪ್ರಕಾರ ಮೂರೂ ಕೆಲಸ ನನಗೇ ಸಿಕ್ಕಿವೆ. ಹೀಗಿರುವಾಗ ಆ ಜಾಹೀರಾತು ಕಂಡಿತು. ಸಭೆಗಳ ರೆಕಾರ್ಡಿಂಗ್ ಕೇಳಿ ಯಾರು ಏನು ಹೇಳಿದರೆಂದು ಟೈಪ್ ಮಾಡಬೇಕು, ಮನೆಯಿಂದಲೇ. ಯಾರ ಮುಖವನ್ನೂ ನೋಡಬೇಕಿಲ್ಲ, ಯಾರಿಗೂ ಉತ್ತರಿಸಬೇಕಿಲ್ಲ. ಲೋಕದಲ್ಲಿ ನನಗೆಂದೇ ಒಂದು ಕೆಲಸ ಇದೆಯೆಂದು ಅಂದು ಗೊತ್ತಾಯಿತು. ನಲವತ್ತೈದು ನಿಮಿಷದ ಪರೀಕ್ಷೆ, ಶನಿವಾರ ಹತ್ತು ಗಂಟೆಗೆ ಸರಿಯಾಗಿ. ಫೋನಿನಲ್ಲಿ ಬರೆಯುವಂತಿಲ್ಲ, ಕಂಪ್ಯೂಟರೇ ಆಗಬೇಕು. ತಪ್ಪಿಸಿಕೊಂಡವರಿಗೆ ಒಂದು ವರ್ಷ ಮತ್ತೆ ಅವಕಾಶವಿಲ್ಲ.

"ಶನಿವಾರವೇ ಒಳ್ಳೇದಾಯ್ತು ಬಿಡು, ಮೂವರೂ ಇರ್ತೀವಿ" ಎಂದ ಅಣ್ಣ. ಭಯ ಹುಟ್ಟಿದ್ದೇ ಅಲ್ಲಿಂದ.

ಆ ಶನಿವಾರ ಒಂಬತ್ತೂವರೆಗೆಲ್ಲ ಕಂಪ್ಯೂಟರ್ ಶುರುವಾಗಿ ಪರೀಕ್ಷೆಯ ಪುಟ ತೆರೆದಿತ್ತು. ಹೆಡ್‌ಫೋನಿನ ಎಡಗಿವಿ ಕೆಲಸ ಮಾಡುತ್ತಿರಲಿಲ್ಲ. ಹಾಡು ಇನ್ನೂ ಚೆನ್ನಾಗಿ ಕೇಳಿಸಲೆಂದು ಅಣ್ಣ ಅದನ್ನು ಬಿಚ್ಚಿ ನೋಡಿದ್ದ. ಬಲಗಿವಿ ಸಾಕೆಂದುಕೊಂಡೆ. ಇಟ್ಟಿಗೆ ಕ್ಯಾಬಿನೆಟ್ಟಿಗೆ ಕಿವಿಯಿಟ್ಟು, ಬಸ್ಸಿನ ಎಂಜಿನ್ನಿಗೆ ಕೊಡುವಷ್ಟೇ ಗಮನ ಕೊಟ್ಟು ಕೇಳಿದ.

"ಈ ಫ್ಯಾನು ಗೊರಗುಟ್ತಾ ಇದೆ. ಇದರ ಪಕ್ಕ ಕೂತು ತಂಗಿಗೆ ರೆಕಾರ್ಡಿಂಗ್ ಹೇಗೆ ಕೇಳಿಸುತ್ತೆ? ಐದೇ ನಿಮಿಷ."

ಬೇಡ ಎನ್ನಲು ನಾನು ಉಸಿರೆಳೆದುಕೊಳ್ಳುವಷ್ಟರಲ್ಲಿ ಪ್ಲಗ್ ಕಿತ್ತಾಗಿತ್ತು. ಒಳ್ಳೆಯ ಕೆಲಸಗಾರ, ನಿಜವಾಗಿಯೂ ಐದೇ ನಿಮಿಷದಲ್ಲಿ ಬೇರೆ ಫ್ಯಾನು ಕೂರಿಸಿದ. ಅಣ್ಣ ಸ್ಕ್ರೂಡ್ರೈವರ್ ಎತ್ತಿದ. ತೆಳ್ಳಪ್ಪ ಅವನ ಕೈ ಹಿಡಿದ.

"ತಂಗಿಯ ಪರೀಕ್ಷೆ ದಿನಾನೂ ಇದೇ ಸ್ಕ್ರೂಡ್ರೈವರಾ? ಟಚ್ ಹಾಕಿಸಿದ್ದಿದ್ರೆ ಇವತ್ತು ಮರ್ಯಾದೆಯಾಗಿ ಶುರುವಾಗ್ತಿತ್ತು."

"ಟಚ್ಚು ಬೆವರು ಕೈಗೆ ಕೆಲಸ ಮಾಡಲ್ಲ. ಅವಳ ಕೈ ನೋಡು, ಹೇಗೆ ಬೆವರ್ತಾ ಇದೆ" ಎಂದ ಇಟ್ಟಿಗೆ.

ಇಬ್ಬರೂ ನನ್ನ ಕೈ ನೋಡಿದರು. ಅವರಿಗೆ ಪರೀಕ್ಷೆ ನೆನಪಾಗಬೇಕಿತ್ತು. ಬದಲಿಗೆ ಬೆವರು ಕೈಗೆ ಕೆಲಸ ಮಾಡದ ಫೋನುಗಳು ನೆನಪಾದವು. ಅಣ್ಣ ಸ್ಕ್ರೂಡ್ರೈವರನ್ನು ಮೇಷ್ಟರ ಕೋಲಿನಂತೆ ಹಿಡಿದು ಒಮ್ಮೆ ಇವನತ್ತ, ಒಮ್ಮೆ ಅವನತ್ತ ತಿರುಗಿಸತೊಡಗಿದ. ಒಂಬತ್ತು ಐವತ್ತಮೂರು.

"ಅಣ್ಣಾ" ಎಂದೆ.

"ಒಂದ್ನಿಮಿಷ ಇರೆ, ಇವನು ಹೇಳೋದ್ರಲ್ಲಿ ಪಾಯಿಂಟ್ ಇದೆ."

ಒಂಬತ್ತು ಐವತ್ತಾರು. ನನ್ನ ದನಿ ಮೂರು ಜನರ ಮಾತನ್ನು ದಾಟುವಂಥದ್ದಲ್ಲ. ಕೈಯಲ್ಲಿ ಬಾಲ್‌ಪೆನ್ ಇತ್ತು, ಅದರ ತುದಿ ಲೋಹದ್ದು. ಬಗ್ಗಿ, ನಾಲ್ಕು ತಿಂಗಳು ದೂರದಿಂದ ನೋಡಿದ್ದ ಆ ಎರಡು ಪಿನ್ನುಗಳಿಗೆ ಮುಟ್ಟಿಸಿದೆ. ಫ್ಯಾನು ತಿರುಗಿತು. ದೀಪಗಳೆಲ್ಲ ಹೊತ್ತಿಕೊಂಡವು. ಮೂವರೂ ಇತ್ತ ತಿರುಗಿದರು.

"ನೋಡಿದ್ಯಾ, ಗುಂಡಿಯೇ ಬೇಕಾಗಿಲ್ಲ ಅಂತ ನಾನು ಅವತ್ತಿಂದ ಹೇಳ್ತಿರೋದು ಇದನ್ನೇ" ಎಂದ ತೆಳ್ಳಪ್ಪ.

"ಕೈಗೆ ಸಿಗೋ ಗಟ್ಟಿ ವಸ್ತು ಒಂದು ಬೇಕು ಅಂತ ನಾನು ಹೇಳಿದ್ದೂ ಇದನ್ನೇ" ಎಂದ ಇಟ್ಟಿಗೆ.

ಅಮ್ಮ ಬಂದು ಮೂವರನ್ನೂ ಅಡುಗೆಮನೆಗೆ ಅಟ್ಟಿದಳು. "ಉಸಿರೆತ್ತಬಾರದು. ಮಾತಾಡಲೇಬೇಕಂದ್ರೆ ಪಿಸುಮಾತು." ಅಡುಗೆಮನೆಗೆ ಬಾಗಿಲಿಲ್ಲ, ಪರದೆ ಮಾತ್ರ. ಎಂಜಿನ್ನುಗಳ ನಡುವೆ ಬಾಳಿದ ಇಟ್ಟಿಗೆಯ ಪಿಸುಮಾತು ಬೇರೆಯವರ ಜಗಳದಷ್ಟಿರುತ್ತದೆ.

ಪರೀಕ್ಷೆ ಶುರುವಾಯಿತು. ಯಾವುದೋ ವಸತಿ ಸಮುಚ್ಚಯದ ಸಂಘದ ಸಭೆ, ಲಿಫ್ಟು ಕೆಟ್ಟದ್ದೇ ವಿಷಯ. ಅಧ್ಯಕ್ಷ, ಕಾರ್ಯದರ್ಶಿ, ಮೇಲಿನ ಮಹಡಿಯ ಹೆಂಗಸೊಬ್ಬರು, ಮೂವರೂ ಒಟ್ಟಿಗೆ ಮಾತಾಡುತ್ತಿದ್ದರು. ಒಬ್ಬರು ಮುಗಿಸುವ ಮೊದಲೇ ಇನ್ನೊಬ್ಬರು, ಅವರ ಮೇಲೆ ಮತ್ತೊಬ್ಬರು. ಪರೀಕ್ಷೆಯ ಕಷ್ಟ ಇದೇ ಇರಬೇಕು. ನನಗೆ ಕಷ್ಟವೇ ಅನಿಸಲಿಲ್ಲ. ಮೂರು ಜನ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳದೆ ಆಡುವ ಮಾತನ್ನು ಮೂಲೆಯಲ್ಲಿ ಕೂತು ಬಿಡಿಸಿಕೊಳ್ಳುವುದನ್ನು ಬಿಟ್ಟು ನಾನು ಶನಿವಾರಗಳಲ್ಲಿ ಬೇರೇನು ಮಾಡಿದ್ದೆ? ಬೆರಳು ತಾನಾಗಿ ಓಡಿತು. ಸಮಯಕ್ಕೆ ನಾಲ್ಕು ನಿಮಿಷ ಮೊದಲೇ ಕಳಿಸಿದೆ.

ಎದ್ದು ಅಡುಗೆಮನೆಗೆ ಹೋದಾಗ ಇಟ್ಟಿಗೆ ತನ್ನ ಫೋನಿನ ಬ್ಯಾಟರಿಯನ್ನು ಅಂಗೈಯಲ್ಲಿಟ್ಟುಕೊಂಡು ತೆಳ್ಳಪ್ಪನಿಗೆ ಹೇಳುತ್ತಿದ್ದ: "ಹತ್ತನೇ ಸಲ ಹೇಳ್ತಿದೀನಿ. ಬಿಚ್ಚೋಕೆ ಬರಲ್ಲ ಅಂದ್ಮೇಲೆ ಅದು ನಮ್ಮದು ಹೇಗಾಗುತ್ತೆ? ಬಾಡಿಗೇದು ಅನ್ನು."

ಈ ಮಾತನ್ನು ನಾನು ಟೈಪ್ ಮಾಡಿದ್ದೆ.

ಬಲಗಿವಿಯಲ್ಲಿ ಲಿಫ್ಟು, ತೆರೆದ ಎಡಗಿವಿಯಲ್ಲಿ ಅಡುಗೆಮನೆ. ಅಧ್ಯಕ್ಷರ ಮಾತಿಗೂ ಕಾರ್ಯದರ್ಶಿಯ ಮಾತಿಗೂ ನಡುವೆ, "ನಾಲ್ಕನೆಯ ವ್ಯಕ್ತಿ, ದೂರದಿಂದ" ಎಂದು ಶ್ರದ್ಧೆಯಿಂದ ಗುರುತು ಹಾಕಿ, ಒಂದಕ್ಷರ ಬಿಡದೆ ಬರೆದಿದ್ದೆ. ಕಳಿಸಿಯೂ ಆಗಿತ್ತು.

ಯಾರಿಗೂ ಹೇಳಲಿಲ್ಲ. ಹದಿಮೂರು ದಿನ ಅದನ್ನೇ ಯೋಚಿಸಿದೆ. ಸಭೆಯಲ್ಲಿ ಇಲ್ಲದ ಮನುಷ್ಯನನ್ನು ಸಭೆಗೆ ಕರೆತಂದವಳಿಗೆ ಯಾರು ಕೆಲಸ ಕೊಡುತ್ತಾರೆ? ಹದಿನಾಲ್ಕನೆಯ ದಿನ, ಅದೂ ಶನಿವಾರ, ಉತ್ತರ ಬಂತು. ಓದಲು ಧೈರ್ಯವಾಗದೆ ಅಣ್ಣನ ಕೈಗೆ ಕೊಟ್ಟೆ. ಅವನು ಎಲ್ಲರಿಗೂ ಕೇಳುವಂತೆ ಓದಿದ.

"ನೀವು ಆಯ್ಕೆಯಾಗಿದ್ದೀರಿ. ಹಿನ್ನೆಲೆಯಲ್ಲಿರುವ ನಾಲ್ಕನೆಯ ದನಿಯನ್ನು ಗುರುತಿಸಿದ ಏಕೈಕ ಅಭ್ಯರ್ಥಿ ನೀವು. ನಮ್ಮ ಹಿರಿಯ ಪರೀಕ್ಷಕರು ಆರು ಬಾರಿ ಮರಳಿ ಕೇಳಿ, ಆ ಮಾತು ಇರುವುದನ್ನು ಖಚಿತಪಡಿಸಿದ್ದಾರೆ. ಅದರಂತೆ ಮಾದರಿ ಉತ್ತರವನ್ನು ತಿದ್ದಲಾಗಿದೆ."

ಆಗ ನಿಜ ಹೇಳಲೇಬೇಕಾಯಿತು. ಹೇಳಿದೆ. ನನ್ನ ಮಾತನ್ನು ಮೂವರೂ ಕೊನೆಯವರೆಗೆ ಕೇಳಿಸಿಕೊಂಡದ್ದು ಅದೇ ಮೊದಲು. ಇಟ್ಟಿಗೆ ಎದ್ದು ಅಂಗಿ ಸರಿಮಾಡಿಕೊಂಡ. ತೆಳ್ಳಪ್ಪನ ಮುಖ ಚಿಕ್ಕದಾಯಿತು.

"ಅಲ್ಲಮ್ಮ, ನಾನೂ ಅಲ್ಲೇ ಮಾತಾಡ್ತಿದ್ದೆ. ಅವನದು ಬರೆದೆ, ನನ್ನದು ಯಾಕೆ ಬರೀಲಿಲ್ಲ?"

"ನಿನ್ನ ವಾದ ತೆಳ್ಳಗಲ್ವೇನೋ, ಪರದೆ ದಾಟಲಿಲ್ಲ" ಎಂದ ಇಟ್ಟಿಗೆ.

"ಅವರಿಗೆ ಬರೆದು ತಿಳಿಸ್ಲಾ?" ಎಂದು ಅಣ್ಣನನ್ನು ಕೇಳಿದೆ.

"ಏನಂತ ತಿಳಿಸ್ತೀಯ? ದೊಡ್ಡವರು ಆರು ಸಲ ಕೇಳಿದಾರೆ, ನೀನು ಒಂದೇ ಸಲ. ಯಾರ ಕಿವಿ ನಂಬೋದು? ಅವರು ಹೇಳೋದ್ರಲ್ಲೂ ಪಾಯಿಂಟ್ ಇದೆ."

ಪತ್ರದ ಜೊತೆ ಒಂದು ಫಾರಂ ಇತ್ತು. ಕೆಲಸ ಸೋಮವಾರದಿಂದ. ಅದಕ್ಕೆ ಮೊದಲು, ಕೆಲಸದ ಸ್ಥಳ ಸಂಪೂರ್ಣ ನಿಶ್ಶಬ್ದವಾಗಿದೆಯೆಂದು ಸಹಿ ಮಾಡಿ ಕಳಿಸಬೇಕು. ಅದನ್ನು ಹಿಡಿದು ಕೂತೆ. ಅಷ್ಟರಲ್ಲಿ ಆ ಪರೀಕ್ಷಕರ ಹೆಡ್‌ಫೋನು ವೈರಿನದೋ ವೈರಿಲ್ಲದ್ದೋ ಎಂದು ಚರ್ಚೆ ಹತ್ತಿಕೊಂಡಿತ್ತು.

ಅಮ್ಮ ನನ್ನ ಹೆಗಲ ಮೇಲಿಂದ ಫಾರಂ ನೋಡಿದಳು. "ಹಾಕು ಸಹಿ. ಕೋಣೆ ಪಾಪ, ಯಾವತ್ತು ತುಟಿಪಿಟಕ್ ಅಂದಿದೆ?"

ಸಹಿ ಹಾಕಿದೆ.